ವಿಮಾನದ ಹೊಟ್ಟೆಗೊಂದು ತೇಪೆ

ಮನೆಯಲ್ಲೇ ಕಟ್ಟಿದ ವಿಮಾನವನ್ನು ನೋಡಲು ಬಂದವರು ಸಾಮಾನ್ಯವಾಗಿ ಪ್ರೊಪೆಲ್ಲರನ್ನು ಮುಟ್ಟಿ, ಚಾಲಕನ ಆಸನದ ಕಡೆಗೆ ಇಣುಕಿ, ರೆಕ್ಕೆಯ ಮೇಲ್ಮೈಯನ್ನು ಒಮ್ಮೆ ಸವರಿ ಹೊರಡುತ್ತಾರೆ. ಬಗ್ಗಿ ಹೊಟ್ಟೆಯನ್ನು ನೋಡುವವರು ಅಪರೂಪ. ಆದರೆ ವಿಮಾನದ ಮೈಯಲ್ಲಿ ಅತಿ ಹೆಚ್ಚು ಏಟು ತಿನ್ನುವ ಭಾಗ ಅದೇ. ಚಕ್ರ ಎರಚುವ ಕಲ್ಲು, ಎಂಜಿನ್ನಿನಿಂದ ಜಿನುಗುವ ಎಣ್ಣೆ, ಹೊಗೆಕೊಳವೆಯ ಮಸಿ, ಎಲ್ಲಿಂದಲೋ ಒಳನುಸುಳಿದ ಮಳೆನೀರು, ಇವೆಲ್ಲವೂ ಕೊನೆಗೆ ಬಂದು ಸೇರುವುದು ಅಲ್ಲಿಗೇ.

ತೀರ್ಥಹಳ್ಳಿಯಿಂದ ಕೊಪ್ಪದ ಕಡೆಗೆ ಹೋಗುವ ರಸ್ತೆಯ ಪಕ್ಕ ನಮ್ಮ ಭಾವನ ಅಡಿಕೆ ಗೋದಾಮಿದೆ. ಅವರು ಹಲವು ವರ್ಷಗಳಿಂದ ನಕ್ಷೆ ನೋಡಿಕೊಂಡು ಕಟ್ಟುತ್ತ ಬಂದಿರುವ, ಗಾಜಿನ ನೂಲಿನ ಬಟ್ಟೆಗೆ ರೆಸಿನ್ ಎಂಬ ಅಂಟುದ್ರವ ಉಣಿಸಿ ಗಟ್ಟಿಮಾಡಿದ, ಇಬ್ಬರು ಕೂರಬಹುದಾದ ಫೈಬರ್‌ಗ್ಲಾಸ್ ವಿಮಾನ ಅಲ್ಲಿ ಚೀಲಗಳ ರಾಶಿಯ ಮಗ್ಗುಲಲ್ಲಿ ನಿಂತಿದೆ. ಅದು ಹಾರುವ ದಾರಿ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಕಡತಗಳ ಮೂಲಕ ಹಾದುಹೋಗುತ್ತದೆಯಾದ್ದರಿಂದ ಆ ವಿಷಯವನ್ನು ಇಲ್ಲಿ ಎತ್ತುವುದಿಲ್ಲ. ಎಂಜಿನ್ ಓಡಿಸಿ ನೋಡಲೆಂದು ಅಂಗಳಕ್ಕೆ ಎಳೆಯುತ್ತಿದ್ದಾಗ ಬಾಗಿಲ ಬಳಿಯ ಜಂಬಿಟ್ಟಿಗೆ ಮೆಟ್ಟಿಲಿನ ಅಂಚು, ಚಕ್ರಗಳ ಹಿಂದಿನ ಹೊಟ್ಟೆಯ ಭಾಗವನ್ನು ಗೀಚಿ ಒಳಕ್ಕೆ ಅದುಮಿತು. ಹೊರಗಿನಿಂದ ಕಂಡದ್ದು ಅಂಗೈ ಅಗಲದ ಗಾಯ. ಶಿವಮೊಗ್ಗದಲ್ಲಿ ಫೈಬರ್‌ಗ್ಲಾಸ್ ಕೆಲಸದ ಸಹವಾಸದಲ್ಲಿ ಬಹುಕಾಲ ಇದ್ದವನೆಂಬ ಕಾರಣಕ್ಕೆ ಭಾವ ನನಗೆ ಫೋನ್ ಮಾಡಿದರು. ಎರಡು ಪದರ ಬಟ್ಟೆ ಅಂಟಿಸಿ, ಪುಟ್ಟಿ ಬಳಿದು, ಬಣ್ಣ ಹೊಡೆದರೆ ಮುಗಿಯಿತೆಂಬುದು ಅವರ ಎಣಿಕೆಯಾಗಿತ್ತು. ನನ್ನ ಅಭಿಪ್ರಾಯ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ. ಫೈಬರ್‌ಗ್ಲಾಸ್ ದುರಸ್ತಿಯಲ್ಲಿ ಅಂಟಿಸುವ ಕೆಲಸ ಅತಿ ಚಿಕ್ಕದು. ಉಳಿದದ್ದೆಲ್ಲ ತೆಗೆಯುವ ಕೆಲಸ. ಬಣ್ಣ, ಎಣ್ಣೆ, ಸತ್ತ ಗಾಜು, ತೇವ, ಹೆಚ್ಚಾದ ರೆಸಿನ್, ಬೇಡದ ಪುಟ್ಟಿ, ಇವನ್ನು ಎಷ್ಟು ಶ್ರದ್ಧೆಯಿಂದ ತೆಗೆಯುತ್ತೇವೆಯೋ ತೇಪೆ ಅಷ್ಟು ಕಾಲ ನಿಲ್ಲುತ್ತದೆ. ತಲೆಯ ಮೇಲೆ ಕೈಯೆತ್ತಿ ಮಾಡಬೇಕಾದ ಅಡಿಭಾಗದ ಕೆಲಸದಲ್ಲಿ ಈ ಮಾತು ಇಮ್ಮಡಿ ನಿಜ.

ಗಾಜಿನ ನೂಲಿನ ವಿಮಾನ ಹೊಸದೇನಲ್ಲ. ಜರ್ಮನಿಯ ಸ್ಟುಟ್‌ಗಾರ್ಟ್‌ನ ವಿದ್ಯಾರ್ಥಿಗಳು ಕಟ್ಟಿದ ಫೀನಿಕ್ಸ್ ಎಂಬ ಗ್ಲೈಡರ್ 1957ರಲ್ಲಿಯೇ ಹಾರಿತ್ತು. ಈ ಬಗೆಯ ಕೆಲಸವನ್ನು ಮನೆಯ ಗ್ಯಾರೇಜಿಗೆ ತಂದವರು ಅಮೆರಿಕದ ಬರ್ಟ್ ರುಟಾನ್. 1975ರಲ್ಲಿ ಹಾರಿದ ಅವರ ವ್ಯಾರಿಈಜಿ ವಿಮಾನಕ್ಕೆ ಅಚ್ಚುಗಳು ಬೇಕಿರಲಿಲ್ಲ. ಫೋಮನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಅದರ ಮೇಲೆ ಗಾಜಿನ ಬಟ್ಟೆ ಹಾಸಿ ಎಪಾಕ್ಸಿ ಎಂಬ ಜಾತಿಯ ರೆಸಿನ್ ಉಣಿಸಿದರೆ ಭಾಗ ಸಿದ್ಧವಾಗುತ್ತಿತ್ತು. ನಮ್ಮ ಬೆಂಗಳೂರಿನ ವಿಮಾನ ಸಂಶೋಧನೆಯ ಎನ್‌ಎಎಲ್ ಸಂಸ್ಥೆಯ ಹಂಸ ವಿಮಾನ 1993ರಲ್ಲಿ ಮೊದಲು ಹಾರಿದಾಗ ಅದರ ಮೈಯೂ ಇದೇ ಜಾತಿಯ ಸಂಯುಕ್ತ ವಸ್ತುವಿನದಾಗಿತ್ತು. ಭಾವನ ವಿಮಾನ ಇವುಗಳ ಸಾಲಿಗೆ ಸೇರುವಷ್ಟು ದೊಡ್ಡದಲ್ಲದಿದ್ದರೂ ಅದರ ತತ್ತ್ವ ಬೇರೆಯಲ್ಲ: ನಡುವೆ ಹಗುರವಾದ ಫೋಮ್, ಎರಡೂ ಮಗ್ಗುಲಿಗೆ ಒಂದು ಮಿಲಿಮೀಟರಿಗೂ ತೆಳುವಾದ ಗಾಜಿನ ಚರ್ಮ. ಎಳೆತವನ್ನೂ ಒತ್ತಡವನ್ನೂ ಹೊರುವುದು ಚರ್ಮ. ಆ ಚರ್ಮ ಮಡಿಚಿಕೊಳ್ಳದಂತೆ ಹಿಡಿದಿಡುವುದು ಫೋಮ್. ಇವೆರಡರ ನಡುವಿನ ಅಂಟು ಬಿಟ್ಟರೆ ಎರಡೂ ನಿಷ್ಪ್ರಯೋಜಕ.

ಹೊಟ್ಟೆಯ ಯಾವ ಭಾಗಕ್ಕೆ ಏಟು ಬಿದ್ದಿದೆ ಎಂಬುದು ಆದ್ದರಿಂದಲೇ ಮುಖ್ಯವಾಗುತ್ತದೆ. ಸಾಮಾನ್ಯ ವಿನ್ಯಾಸದ ವಿಮಾನದಲ್ಲಿ ಬಾಲದ ಪುಟ್ಟ ರೆಕ್ಕೆ ಹಾರಾಟದ ವೇಳೆ ಬಹುಮಟ್ಟಿಗೆ ಕೆಳಮುಖವಾಗಿಯೇ ಒತ್ತುತ್ತಿರುತ್ತದೆ. ಅದರಿಂದ ಒಡಲಿನ ಹಿಂಭಾಗದ ಮೇಲ್ಮೈ ಎಳೆತಕ್ಕೂ ಕೆಳಮೈ ಒತ್ತಡಕ್ಕೂ ಸಿಗುತ್ತದೆ. ಒತ್ತಡಕ್ಕೆ ಸಿಕ್ಕ ತೆಳು ಚರ್ಮ ಹರಿಯುವುದಿಲ್ಲ, ಬಾಗಿ ಮಡಿಚಿಕೊಳ್ಳುತ್ತದೆ. ಅದೂ ಫೋಮಿನಿಂದ ಬಿಟ್ಟುಕೊಂಡ ಜಾಗದಲ್ಲಿ ಮೊದಲು. ರೆಕ್ಕೆಯ ಅಡಿಭಾಗದ ಕಥೆ ಇದಕ್ಕೆ ತಿರುವುಮುರುವು. ಹಾರುವಾಗ ರೆಕ್ಕೆ ಮೇಲಕ್ಕೆ ಬಾಗುವುದರಿಂದ ಅದರ ಕೆಳಮೈ ಎಳೆತದಲ್ಲಿರುತ್ತದೆ, ಮತ್ತು ಅಲ್ಲಿ ನೂಲಿನ ಎಳೆಗಳು ತುಂಡಾಗದೆ ಮುಂದುವರಿಯುವುದೇ ಎಲ್ಲಕ್ಕಿಂತ ದೊಡ್ಡ ಸಂಗತಿ. ಎರಡೂ ಅಡಿಭಾಗಗಳೇ ಆದರೂ ತೇಪೆಯಿಂದ ಅವು ಕೇಳುವುದು ಒಂದನ್ನೇ ಅಲ್ಲ.

ಗಾಯದ ನಿಜವಾದ ಎಲ್ಲೆಯನ್ನು ಕಂಡುಹಿಡಿಯಲು ಯಂತ್ರ ಬೇಕಿಲ್ಲ, ಒಂದು ನಾಣ್ಯ ಸಾಕು. ಗಟ್ಟಿಯಾಗಿ ಅಂಟಿಕೊಂಡಿರುವ ಜಾಗದಲ್ಲಿ ತಟ್ಟಿದರೆ ಚುರುಕಾದ, ಸ್ಪಷ್ಟವಾದ ಸದ್ದು ಬರುತ್ತದೆ. ಪದರ ಬಿಟ್ಟುಕೊಂಡ ಜಾಗದಲ್ಲಿ ಸದ್ದು ಮಂಕಾಗುತ್ತದೆ. ಹಲಸಿನ ಕಾಯಿಯನ್ನು ತಟ್ಟಿ ನೋಡಿ ಬಲಿತಿದೆಯೋ ಇಲ್ಲವೋ ಹೇಳಬಲ್ಲ ಮಲೆನಾಡಿನವರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಿಲ್ಲ. ಭಾವ ಪೆನ್ಸಿಲ್ ಹಿಡಿದುಕೊಂಡು ಸದ್ದು ಬದಲಾದಲ್ಲೆಲ್ಲ ಗುರುತು ಹಾಕುತ್ತ ಹೋದಂತೆ ಅಂಗೈ ಅಗಲದ ಗಾಯ ಊಟದ ತಟ್ಟೆಯ ಅಗಲಕ್ಕೆ ಬೆಳೆಯಿತು. ಗಾಜಿನ ನೂಲಿಗೆ ಕಾರ್ಬನ್ ನೂಲಿಗಿಲ್ಲದ ಇನ್ನೊಂದು ಗುಣವಿದೆ. ಬಣ್ಣ ತೆಗೆದ ಮೇಲೆ ಅದು ಅರೆಪಾರದರ್ಶಕ. ಓರೆಯಾಗಿ ಟಾರ್ಚ್ ಹಿಡಿದರೆ ರೆಸಿನ್ ಮತ್ತು ನೂಲು ಬೇರೆಯಾದ ಕಡೆ ಬಿಳಿ ಮಚ್ಚೆ ಕಾಣಿಸುತ್ತದೆ. ಕಿವಿ ಹೇಳಿದ್ದನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳುವ ಈ ಅವಕಾಶವನ್ನು ಬಿಡಬಾರದು.

ತೆಗೆಯುವ ಕೆಲಸಕ್ಕೊಂದು ಕ್ರಮವಿದೆ, ಅದನ್ನು ಹಿಂದುಮುಂದು ಮಾಡುವಂತಿಲ್ಲ. ಮೊದಲು ಎಣ್ಣೆ, ಆಮೇಲೆ ಬಣ್ಣ. ಎಣ್ಣೆ ಇರುವಾಗಲೇ ಸ್ಯಾಂಡ್ ಪೇಪರ್ ಹಚ್ಚಿದರೆ ಅದನ್ನು ಉಜ್ಜಿ ಉಜ್ಜಿ ಗಾಜಿನೊಳಕ್ಕೆ ಕಳಿಸಿದಂತಾಗುತ್ತದೆ; ಹೊರಗೆ ಒಣಗಿದಂತೆ ಕಂಡರೂ ಎಪಾಕ್ಸಿ ಅಲ್ಲಿ ಹಿಡಿಯುವುದಿಲ್ಲ. ಮೊದಲು ಸೋಪಿನ ನೀರು, ಬಳಿಕ ಅಸಿಟೋನಿನಲ್ಲಿ ಅದ್ದಿದ ಬಿಳಿ ಹತ್ತಿಬಟ್ಟೆ. ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣಬಟ್ಟೆಯಿಂದ ಎತ್ತಬೇಕು. ಎಣ್ಣೆ ಹೋಯಿತೇ ಎಂದು ತಿಳಿಯಲು ಶುದ್ಧ ನೀರನ್ನು ಸಿಂಪಡಿಸಿ ನೋಡಬಹುದು. ಸ್ವಚ್ಛವಾದ ಮೈಯಲ್ಲಿ ನೀರು ಒಡೆಯದ ತೆಳು ಪರದೆಯಾಗಿ ಹರಡಿಕೊಳ್ಳುತ್ತದೆ. ಎಣ್ಣೆ ಉಳಿದಿದ್ದರೆ ಕೆಸುವಿನ ಎಲೆಯ ಮೇಲಿನಂತೆ ಮಣಿಮಣಿಯಾಗಿ ನಿಲ್ಲುತ್ತದೆ. ಈ ನೀರು, ಅಸಿಟೋನುಗಳ ಕೆಲಸವೆಲ್ಲ ಫೋಮನ್ನು ತೆರೆಯುವ ಮೊದಲೇ ಮುಗಿಯಬೇಕು. ತೆರೆದ ಫೋಮಿಗೆ ನೀರು ಸೇರಿದರೆ ಒಣಗಿಸುವುದು ಕಷ್ಟ; ಫೋಮ್ ಥರ್ಮಾಕೋಲಿನ ಜಾತಿಯ ಪಾಲಿಸ್ಟೈರೀನಿನದಾಗಿದ್ದರೆ ಅಸಿಟೋನ್ ತಗುಲಿದಲ್ಲೆಲ್ಲ ಕರಗಿ ಕುಳಿಬೀಳುತ್ತದೆ.

ಆ ಮೇಲೆ ಉಜ್ಜುವುದು. ಮಂಕು ಸದ್ದು ಕೊಟ್ಟ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆದು, ಸುತ್ತಲಿನ ಆರೋಗ್ಯವಂತ ಗಾಜನ್ನು ಇಳಿಜಾರಾಗಿ ಉಜ್ಜಿ ತೆಳುವಾಗಿಸುತ್ತ ಬರಬೇಕು. ಹೊಸ ಗಾಜು ಹಳೆಯ ಗಾಜಿನೊಡನೆ ತುದಿಗೆ ತುದಿ ಸೇರುವುದಿಲ್ಲ. ಇಳಿಜಾರಿನ ಉದ್ದಕ್ಕೂ ಒಂದರ ಮೇಲೊಂದು ಮಲಗಿ, ತನ್ನ ಮೇಲಿನ ಭಾರವನ್ನು ನಡುವಿನ ಅಂಟಿನ ಮೂಲಕ ದಾಟಿಸುತ್ತದೆ. ಅಂಟಿನ ಶಕ್ತಿ ಗಾಜಿನ ಶಕ್ತಿಗಿಂತ ಎಷ್ಟೋ ಕಡಿಮೆಯಾದ್ದರಿಂದ ಆ ಕೊರತೆಯನ್ನು ವಿಸ್ತೀರ್ಣದಿಂದ ತುಂಬಬೇಕು. ದಪ್ಪದ 20 ಪಟ್ಟಿನಿಂದ 50 ಪಟ್ಟಿನವರೆಗೆ ಉದ್ದದ ಇಳಿಜಾರು ವಾಡಿಕೆ. ಚದರ ಮೀಟರಿಗೆ 300 ಗ್ರಾಂ ತೂಗುವ ಬಟ್ಟೆಯ ಎರಡು ಪದರ ಸೇರಿ ಅರ್ಧ ಮಿಲಿಮೀಟರಿಗೆ ತುಸು ಹೆಚ್ಚು ದಪ್ಪವಾಗುತ್ತದೆ. 50 ಪಟ್ಟು ಎಂದರೆ ಸುತ್ತಲೂ 25ರಿಂದ 30 ಮಿಲಿಮೀಟರ್ ಅಗಲದ ಪಟ್ಟಿ. ಅಷ್ಟು ತೆಳು ಚರ್ಮದಲ್ಲಿ ಅಷ್ಟು ನಿಧಾನದ ಇಳಿಜಾರನ್ನು, ಅದೂ ಬೆನ್ನ ಮೇಲೆ ಮಲಗಿ ಉಜ್ಜುವುದು ತಾಳ್ಮೆಯ ಕೆಲಸ. ಗ್ರೈಂಡರ್ ಹಿಡಿದರೆ ಒಂದು ಉಸಿರಿನಲ್ಲಿ ಫೋಮ್ ಕಾಣಿಸುತ್ತದೆ. ಮರದ ತುಂಡಿಗೆ ಸುತ್ತಿದ ಕಾಗದವೇ ಸರಿ. ಇಳಿಜಾರು ಸರಿಯಾಗಿ ಬಂದಾಗ ಒಂದೊಂದು ಪದರವೂ ಒಂದೊಂದು ಉಂಗುರವಾಗಿ ಕಾಣಿಸಿಕೊಳ್ಳುತ್ತದೆ, ನೂಲು ಯಾವ ದಿಕ್ಕಿಗೆ ಹಾಸಿದೆಯೆಂಬುದೂ ತಿಳಿಯುತ್ತದೆ. ಹೊಸ ಬಟ್ಟೆಯನ್ನು ಅದೇ ದಿಕ್ಕಿಗೆ ಹಾಸಬೇಕಾದ್ದರಿಂದ ಅದನ್ನು ಪಕ್ಕದಲ್ಲಿ ಗೀಟೆಳೆದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

“ಎಂತಕ್ಕೆ ಇಷ್ಟು ಕೆರೆಯುವುದು ಮಾರಾಯ, ಇದ್ದದ್ದೂ ಹೋಗ್ತದಲ್ಲ?” ಎಂದು ಭಾವ ಕೇಳಿದರು. ಅವರ ಆತಂಕ ಸಹಜವೇ. ಗಾಯಕ್ಕಿಂತ ಮದ್ದಿನ ಜಾಗವೇ ದೊಡ್ಡದಾಗಿ ಕಾಣುವ ಹಂತವೊಂದು ಪ್ರತಿ ದುರಸ್ತಿಯಲ್ಲೂ ಬರುತ್ತದೆ. ಇನ್ನು ಧೂಳು. ಕೆಳಗೆ ಮಲಗಿ ಉಜ್ಜುವವನ ಮೇಲೆ ಗಾಜಿನ ಪುಡಿ ನೇರವಾಗಿ ಬೀಳುತ್ತದೆ. ಮೂಗಿಗೆ ಒಳ್ಳೆಯ ಮಾಸ್ಕ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ತುಂಬುತೋಳಿನ ಅಂಗಿ ಇಲ್ಲದೆ ಕೆಳಗೆ ಹೋಗಲೇಬಾರದು. ಎಪಾಕ್ಸಿಯ ವಿಷಯದಲ್ಲಿಯೂ ಅಷ್ಟೆ. ಅದು ಪದೇಪದೇ ಚರ್ಮಕ್ಕೆ ತಗುಲಿ ಒಮ್ಮೆ ಅಲರ್ಜಿ ಹಿಡಿಯಿತೆಂದರೆ ಮುಂದೆ ಜೀವಮಾನವಿಡೀ ಈ ಕೆಲಸದ ಹತ್ತಿರ ಸುಳಿಯಲಾಗದವರಿದ್ದಾರೆ.

ಸಾಮಗ್ರಿಯ ಆಯ್ಕೆಯಲ್ಲಿ ನಮ್ಮ ಊರುಗಳಲ್ಲಿ ಒಂದು ಗೊಂದಲವಿದೆ. ನೀರಿನ ತೊಟ್ಟಿ, ಬಸ್ಸಿನ ಬಂಪರ್, ಗಣಪತಿಯ ಮೂರ್ತಿ ಮಾಡುವ ಎಫ್‌ಆರ್‌ಪಿ (ಅಂದರೆ ಫೈಬರ್‌ಗ್ಲಾಸ್) ಕೆಲಸದವರು ಬಳಸುವುದು ಪಾಲಿಯೆಸ್ಟರ್ ರೆಸಿನ್ ಮತ್ತು ಚೂರುನೂಲಿನ ಮ್ಯಾಟ್. ಅಗ್ಗ, ಬೇಗ ಗಟ್ಟಿಯಾಗುತ್ತದೆ, ಶಿವಮೊಗ್ಗದಲ್ಲೇ ಸಿಗುತ್ತದೆ. ಪರಿಚಿತ ಕೆಲಸಗಾರರೊಬ್ಬರು ಅದನ್ನೇ ಹಾಕಿ ಕೊಡುತ್ತೇನೆಂದು ಪ್ರೀತಿಯಿಂದಲೇ ಹೇಳಿದ್ದರು. ಅವರ ಕೈಚಳಕವನ್ನು ನಾನು ಮೆಚ್ಚುತ್ತೇನೆ, ಆದರೆ ಈ ಮೈಗೆ ಅದು ಸಲ್ಲದು. ಗಟ್ಟಿಯಾದ ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಚೆನ್ನಾಗಿ ಹಿಡಿಯುವುದಿಲ್ಲ, ಅದರಲ್ಲಿನ ಸ್ಟೈರೀನ್ ಎಂಬ ದ್ರವ ಪಾಲಿಸ್ಟೈರೀನ್ ಫೋಮನ್ನು ತಿಂದುಹಾಕುತ್ತದೆ. ಮ್ಯಾಟಿನ ಚೂರುನೂಲುಗಳನ್ನು ಹಿಡಿದಿಡುವ ಅಂಟು ಸ್ಟೈರೀನಿನಲ್ಲಿ ಕರಗುವಂಥದ್ದಾದ್ದರಿಂದ ಎಪಾಕ್ಸಿಯಲ್ಲಿ ಅದು ಮೆತ್ತಗಾಗಿ ಮೈಗೆ ಕೂರುವುದೂ ಇಲ್ಲ. ಎಪಾಕ್ಸಿಗೆ ನೇಯ್ದ ಬಟ್ಟೆಯೇ ಜೊತೆ.

ಇನ್ನೊಂದು ವ್ಯತ್ಯಾಸ ಅಳತೆಯದು. ಗಟ್ಟಿಯಾಗಲೆಂದು ಪಾಲಿಯೆಸ್ಟರಿಗೆ ಹಾಕುವ ಹಾರ್ಡನರ್ ಕ್ರಿಯೆಯನ್ನು ಚಾಲೂ ಮಾಡುವಂಥದ್ದು. ಚಳಿಯಲ್ಲಿ ಒಂದೆರಡು ಹನಿ ಹೆಚ್ಚು, ಸೆಕೆಯಲ್ಲಿ ಒಂದೆರಡು ಹನಿ ಕಡಿಮೆ ಎಂಬ ಅಂದಾಜು ಅಲ್ಲಿ ನಡೆಯುತ್ತದೆ. ಎಪಾಕ್ಸಿಯ ಹಾರ್ಡನರ್ ಸ್ವತಃ ರೆಸಿನ್ನಿನೊಡನೆ ಕೂಡಿ ಒಂದಾಗುವ ವಸ್ತು. ಹೆಚ್ಚು ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ; ಜೋಡಿ ಸಿಗದ ಪಾಲು ಒಳಗೆ ಹಾಗೆಯೇ ಉಳಿದು ತೇಪೆ ಮೆತ್ತಗಾಗುತ್ತದೆ. ವಿಮಾನಕ್ಕೆ ಬಳಸುವ ಕೆಲವು ರೆಸಿನ್‌ಗಳಿಗೆ ಪ್ರತಿ 100 ಗ್ರಾಂಗೆ 38 ಗ್ರಾಂ, ಕೆಲವಕ್ಕೆ 40 ಗ್ರಾಂ ಹಾರ್ಡನರ್. ಡಬ್ಬಿಯ ಮೇಲೆ ಬರೆದದ್ದೇ ಕೊನೆಯ ಮಾತು. ಅಡಿಕೆ ತೂಗುವ ತಕ್ಕಡಿ ಇದಕ್ಕೆ ಆಗುವುದಿಲ್ಲ, ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕು. ಏಕೆಂದರೆ ಬೇಕಾಗುವ ಒಟ್ಟು ಪ್ರಮಾಣವೇ ಅತಿ ಸಣ್ಣದು. 30 ಸೆಂಟಿಮೀಟರ್ ಚೌಕದ ಎರಡು ಪದರ ಬಟ್ಟೆ 54 ಗ್ರಾಂ ತೂಗುತ್ತದೆ. ಕೈಯಿಂದ ಹಾಸುವ ಒಳ್ಳೆಯ ಕೆಲಸದಲ್ಲಿ ತೂಕದ ಅರವತ್ತು ಪಾಲು ಗಾಜು, ನಲವತ್ತು ಪಾಲು ರೆಸಿನ್ ಎಂಬ ಲೆಕ್ಕ ಹಿಡಿದರೆ ಅದಕ್ಕೆ ಬೇಕಾದ ಎಪಾಕ್ಸಿ 36 ಗ್ರಾಂ ಮಾತ್ರ. ಕಪ್ಪಿನಲ್ಲೂ ಪ್ಲಾಸ್ಟಿಕ್ಕಿನಲ್ಲೂ ಉಳಿಯುವುದನ್ನು ಸೇರಿಸಿ 60 ಗ್ರಾಂ ಕಲಸಿದರೆ ಧಾರಾಳವಾಯಿತು.

ಮಲೆನಾಡಿನಲ್ಲಿ ಈ ಎಲ್ಲ ಲೆಕ್ಕಕ್ಕಿಂತ ಮೇಲೆ ಕೂತಿರುವುದು ಗಾಳಿಯ ತೇವ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ ಭಾವನ ಗೋದಾಮಿಗೆ ದೂರವೇನಲ್ಲ. ಮಳೆಗಾಲದಲ್ಲಿ ಗೋಡೆಯೂ ಬಟ್ಟೆಯೂ ಪುಸ್ತಕವೂ ಬೂಸ್ಟು ಹಿಡಿಯುವ ಊರಿನಲ್ಲಿ ಎಪಾಕ್ಸಿಯೊಂದೇ ಹೇಗೆ ತಪ್ಪಿಸಿಕೊಂಡೀತು? ಹಾರ್ಡನರಿನಲ್ಲಿರುವ ಅಮೀನು ಎಂಬ ರಾಸಾಯನಿಕ ಗಾಳಿಯ ತೇವ ಮತ್ತು ಇಂಗಾಲದ ಡೈಆಕ್ಸೈಡಿನೊಡನೆ ಕೂಡಿ, ಗಟ್ಟಿಯಾಗುತ್ತಿರುವ ರೆಸಿನ್ನಿನ ಮೇಲೆ ಮೇಣದಂಥ ಜಿಡ್ಡಿನ ಪೊರೆಯನ್ನು ಕಟ್ಟುತ್ತದೆ. ಅದರ ಮೇಲೆ ಇನ್ನೊಂದು ಪದರವೋ ಬಣ್ಣವೋ ಬಿದ್ದರೆ ಮುಂದೊಂದು ದಿನ ಸಿಪ್ಪೆಯಾಗಿ ಎದ್ದುಬರುತ್ತದೆ. ಈ ಪೊರೆ ನೀರಿನಲ್ಲಿ ಕರಗುವಂಥದ್ದು. ಉಜ್ಜುವ ಮೊದಲು ಬೆಚ್ಚನೆಯ ನೀರಿನಲ್ಲಿ ತಿಕ್ಕಿ ತೊಳೆದರೆ ಹೋಗುತ್ತದೆ. ತೊಳೆಯದೆ ಉಜ್ಜಿದರೆ ಎಣ್ಣೆಯ ಹಾಗೆಯೇ ಇದೂ ಒಳಗೆ ಸೇರಿಕೊಳ್ಳುತ್ತದೆ.

ಇಬ್ಬನಿಯ ಲೆಕ್ಕವನ್ನೂ ನೋಡಬೇಕು. ಗಾಳಿ 27 ಡಿಗ್ರಿ ಸೆಲ್ಸಿಯಸ್ ಇದ್ದು ತೇವಾಂಶ ಶೇಕಡ 85 ಇದ್ದರೆ, ಸುಮಾರು 24 ಡಿಗ್ರಿಗೆ ತಂಪಾದ ಯಾವುದೇ ವಸ್ತುವಿನ ಮೇಲೆ ಹನಿ ಕಟ್ಟಲು ಶುರುವಾಗುತ್ತದೆ. ಸಿಮೆಂಟು ನೆಲದ ಹತ್ತಿರವಿರುವ ವಿಮಾನದ ಹೊಟ್ಟೆ ಬೆಳಗಿನ ಹೊತ್ತು ಸುಲಭವಾಗಿ ಅಷ್ಟು ತಂಪಾಗಿರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ನೀರಿನ ಮೇಲೆ ನಾವು ರೆಸಿನ್ ಬಳಿಯುತ್ತಿರುತ್ತೇವೆ. ಅದೇ ತೇವಾಂಶ ಶೇಕಡ 55ಕ್ಕೆ ಇಳಿದ ಬೇಸಗೆಯ ಮಧ್ಯಾಹ್ನ, 28 ಡಿಗ್ರಿಯ ಗಾಳಿಯಲ್ಲಿ ಇಬ್ಬನಿಯ ಮಟ್ಟ ಸುಮಾರು 18 ಡಿಗ್ರಿ. ಹತ್ತು ಡಿಗ್ರಿಗಳ ಅಂತರ ಸಿಕ್ಕಿತು. ಮಳೆಗಾಲದಲ್ಲಿ ಕೆರೆದು ಸಿದ್ಧಮಾಡಬಹುದು, ಬಟ್ಟೆ ಕತ್ತರಿಸಿಡಬಹುದು. ರೆಸಿನ್ನಿನ ಕೆಲಸವನ್ನು ಜನವರಿಯಿಂದ ಮಾರ್ಚ್‌ವರೆಗಿನ ಒಣ ದಿನಗಳಿಗೆ ಇಟ್ಟುಕೊಳ್ಳುವುದು ಲೇಸೆಂದು ನನಗನ್ನಿಸುವುದು ಇದಕ್ಕಾಗಿ. ಭಾವ ಗೋದಾಮನ್ನು ಬೆಚ್ಚಗಿಡಲು ಕೆಂಡದ ಅಗ್ಗಿಷ್ಟಿಕೆ ಇಡೋಣವೆಂದಿದ್ದರು. ನಮ್ಮಲ್ಲಿ ಬಾಣಂತಿಯ ಕೋಣೆಗೂ ಒದ್ದೆ ಬಟ್ಟೆಗೂ ಅದೇ ಉಪಾಯ. ಆದರೆ ಉರಿಯುವ ಕೆಂಡ ಮುಚ್ಚಿದ ಜಾಗಕ್ಕೆ ತುಂಬುವುದು ಇಂಗಾಲದ ಡೈಆಕ್ಸೈಡನ್ನೇ. ಗ್ಯಾಸ್ ಒಲೆಯಾದರೆ ಅದರ ಜೊತೆಗೆ ನೀರಾವಿಯನ್ನೂ. ಪೊರೆ ಕಟ್ಟಲು ಬೇಕಾದ ಎರಡೂ ಪದಾರ್ಥಗಳನ್ನು ನಾವೇ ಒದಗಿಸಿದಂತಾಗುತ್ತದೆ. ವಿದ್ಯುತ್ ಬಲ್ಬುಗಳನ್ನು ಹೊಟ್ಟೆಯ ಕೆಳಗೆ ಅಂತರ ಬಿಟ್ಟು ಸಾಲಾಗಿ ಇಟ್ಟದ್ದು ಅದಕ್ಕಾಗಿಯೇ.

ಬಟ್ಟೆ ಹಾಸುವ ಗಳಿಗೆ ಬಂದಾಗ ಅಡಿಭಾಗದ ನಿಜವಾದ ತೊಡಕು ಎದುರಾಗುತ್ತದೆ. ಮೇಲ್ಮೈಯಲ್ಲಾದರೆ ಒಣಬಟ್ಟೆ ಹಾಸಿ ಮೇಲಿನಿಂದ ರೆಸಿನ್ ಸುರಿಯಬಹುದು. ಕೆಳಗೆ ಸುರಿದದ್ದು ನಮ್ಮ ಮುಖಕ್ಕೇ ಬರುತ್ತದೆ. ಆದ್ದರಿಂದ ಬಟ್ಟೆಯನ್ನು ಮೇಜಿನ ಮೇಲೆ ದಪ್ಪ ಪಾಲಿಥೀನ್ ಹಾಳೆಯಲ್ಲಿಟ್ಟು ಅಲ್ಲೇ ರೆಸಿನ್ ಉಣಿಸಿ, ಮೇಲೆ ಇನ್ನೊಂದು ಹಾಳೆ ಮುಚ್ಚಿ, ಹೆಚ್ಚಾದ ರೆಸಿನ್ನನ್ನು ರಬ್ಬರ್ ಪಟ್ಟಿಯಿಂದ ಹೊರಕ್ಕೆ ತಳ್ಳಿ, ಎರಡು ಹಾಳೆಗಳ ನಡುವೆ ಇರುವಾಗಲೇ ಬೇಕಾದ ಆಕಾರಕ್ಕೆ ಕತ್ತರಿಸಿಕೊಳ್ಳುವುದು ಉತ್ತಮ ವಿಧಾನ. ಹಾಳೆಯ ನಡುವೆ ಕತ್ತರಿಸಿದರೆ ಅಂಚಿನ ನೂಲು ಬಿಚ್ಚಿಕೊಳ್ಳುವುದಿಲ್ಲ. ಒಂದು ಮಗ್ಗುಲಿನ ಹಾಳೆ ಸುಲಿದು, ಇನ್ನೊಂದನ್ನು ಕೈಗೆ ಆಸರೆಯಾಗಿ ಹಿಡಿದು, ಮಧ್ಯದಿಂದ ಅಂಚಿಗೆ ಒತ್ತುತ್ತ ಹೊಟ್ಟೆಗೆ ಕೂರಿಸಿ, ಕೊನೆಗೆ ಆ ಹಾಳೆಯನ್ನೂ ಸುಲಿಯಬೇಕು. ಅದಕ್ಕೂ ಮೊದಲು ತೆರೆದ ಫೋಮಿನ ರಂಧ್ರಗಳನ್ನು ಗಾಜಿನ ಟೊಳ್ಳು ಗುಳ್ಳೆಗಳ ಪುಡಿ ಬೆರೆಸಿದ ತೆಳು ಎಪಾಕ್ಸಿಯಿಂದ ತುಂಬಿರಬೇಕು, ಇಳಿಜಾರಿನ ಗಾಜಿಗೆ ಶುದ್ಧ ಎಪಾಕ್ಸಿಯ ಒಂದು ತೆಳು ಲೇಪ ಕೊಟ್ಟಿರಬೇಕು. ಗಾಜಿನ ಮೇಲೆ ಆ ಪುಡಿ ಬೀಳಬಾರದು. ಅದು ಜಾಗ ತುಂಬುತ್ತದೆಯೇ ಹೊರತು ಭಾರ ಹೊರುವುದಿಲ್ಲ.

ತಲೆಯ ಮೇಲೆ ಹಾಸಿದ ಬಟ್ಟೆ ಜೋತುಬೀಳುವುದು ಅದರಲ್ಲಿ ರೆಸಿನ್ ಹೆಚ್ಚಾದಾಗ. ಸರಿಯಾಗಿ ಹಿಂಡಿದ ಎರಡು ಪದರ ತಮ್ಮ ಜಿಗುಟಿನಿಂದಲೇ ಅಂಟಿಕೊಂಡು ನಿಲ್ಲುತ್ತವೆ. ಮೇಲ್ಮೈಯಲ್ಲಿ ರೆಸಿನ್ ಧಾರಾಳವಾಗಿಬಿಟ್ಟರೆ ಯಾರಿಗೂ ತಿಳಿಯದು, ಅಡಿಯಲ್ಲಿ ಅದು ಹನಿಹನಿಯಾಗಿ ತೊಟ್ಟಿಕ್ಕಿ ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಈ ಕಾರಣಕ್ಕೆ ಅಡಿಭಾಗದ ತೇಪೆಗಳು ಎಷ್ಟೋ ಸಲ ಮೇಲ್ಭಾಗದವಕ್ಕಿಂತ ಹಗುರವಾಗಿ ಬರುತ್ತವೆಂಬುದು ನನ್ನ ಅನುಭವ. ಕೊನೆಗೆ ನೈಲಾನಿನ ಪೀಲ್ ಪ್ಲೈ ಬಟ್ಟೆ. ಅದು ಉಳಿದ ರೆಸಿನ್ನನ್ನು ಹೀರಿಕೊಂಡು ಅಂಚುಗಳನ್ನು ಮಟ್ಟಸವಾಗಿ ಒತ್ತಿಡುತ್ತದೆ. ಗಟ್ಟಿಯಾದ ಮೇಲೆ ಎಳೆದು ಸುಲಿದರೆ ಮೇಣದ ಪೊರೆಯ ಬಹುಪಾಲು ಅದರೊಡನೆಯೇ ಹೋಗುತ್ತದೆ. ವ್ಯಾಕ್ಯೂಮ್ ಬ್ಯಾಗ್ (ಒಳಗಿನ ಗಾಳಿ ಹೀರಿ ತೆಗೆಯುವ ಪ್ಲಾಸ್ಟಿಕ್ ಹೊದಿಕೆ) ಕಟ್ಟಿದರೆ ವಾತಾವರಣವೇ ತೇಪೆಯನ್ನು ಮೇಲಕ್ಕೆ ಒತ್ತಿ ಹಿಡಿಯುತ್ತದೆಯೆಂಬುದು ನಿಜ, ಆದರೆ ಸುತ್ತಲಿನ ಚರ್ಮದಲ್ಲಿ ಒಂದು ಸೂಜಿರಂಧ್ರವಿದ್ದರೂ ಅದು ನಿಲ್ಲುವುದಿಲ್ಲ. ಎರಡು ಪದರದ ಕೆಲಸಕ್ಕೆ ಅಷ್ಟು ಏರ್ಪಾಡು ನನಗೆ ಅಗತ್ಯವೆನಿಸಲಿಲ್ಲ.

ತೇಪೆ ಗಟ್ಟಿಯಾದ ಮೇಲೆ ಭಾವ ಇನ್ನೆರಡು ಪದರ ಹಾಕಿಬಿಡೋಣವೆಂದರು, ಮೆಟ್ಟಿಲು ಮತ್ತೆ ತಗುಲಿದರೂ ಜಗ್ಗದ ಹಾಗೆ. ನಾನು ಒಪ್ಪಲಿಲ್ಲ. ಸುತ್ತಲಿನ ಚರ್ಮಕ್ಕಿಂತ ತೇಪೆ ಬಿಗಿಯಾದರೆ ಬಾಗುವ ಕೆಲಸವೆಲ್ಲ ಅದರ ಅಂಚಿಗೆ ಹೋಗಿ ಸೇರುತ್ತದೆ, ಮುಂದಿನ ಬಿರುಕು ಅಲ್ಲೇ ಹುಟ್ಟುತ್ತದೆ. ಇದ್ದಷ್ಟನ್ನೇ ಮರಳಿ ಕೊಡುವುದು ದುರಸ್ತಿಯ ಗುರಿ. ಭಾರದ ಮಾತೂ ಇದೆ. ಈ ಗಾಯ ವಿಮಾನದ ತೂಕದ ಕೇಂದ್ರಕ್ಕಿಂತ ಹಿಂದಿದ್ದು, ಅಲ್ಲಿ ಸೇರಿಸಿದ ಪ್ರತಿ ಗ್ರಾಮೂ ಆ ಕೇಂದ್ರವನ್ನು ತುಸುವಾದರೂ ಹಿಂದಕ್ಕೆ ಎಳೆಯುತ್ತದೆ. ಪುಟ್ಟಿಯ ವಿಷಯದಲ್ಲಿಯೂ ಇದೇ ಜಿಪುಣತನ ಬೇಕು. ನೇಯ್ಗೆಯ ಗುಂಡಿಗಳು ಮುಚ್ಚುವಷ್ಟು ಹಚ್ಚಿ, ಬಹುಪಾಲನ್ನು ಉಜ್ಜಿ ತೆಗೆದರೆ ಸಾಕು. ನೆರಳಿನಲ್ಲಿರುವ ಹೊಟ್ಟೆಗೆ ಕನ್ನಡಿಯ ನುಣುಪು ಯಾರಿಗಾಗಿ?

ಬಣ್ಣದ ಬಗ್ಗೆ ನಮ್ಮಿಬ್ಬರಲ್ಲಿ ಸಣ್ಣ ವಾದ ನಡೆಯಿತು. ಹೊಟ್ಟೆಗೆ ಬಿಸಿಲು ಬೀಳುವುದಿಲ್ಲ, ಕೊಳೆ ಕಾಣದಂತೆ ಕಡುನೀಲಿ ಹೊಡೆಯೋಣವೆಂಬುದು ಭಾವನ ಇಚ್ಛೆ. ಕೋಣೆಯ ಶಾಖದಲ್ಲಿ ಗಟ್ಟಿಯಾಗುವ ಎಪಾಕ್ಸಿಗಳಲ್ಲಿ ಹಲವು 60ರಿಂದ 80 ಡಿಗ್ರಿಯ ನಡುವೆ ಮೆತ್ತಗಾಗಲು ತೊಡಗುತ್ತವೆ. ಬಿಸಿಲಿಗೆ ನಿಂತ ಕಡುಬಣ್ಣದ ಮೈ ಆ ಮಟ್ಟವನ್ನು ಮುಟ್ಟಬಲ್ಲದು. ಫೈಬರ್‌ಗ್ಲಾಸ್ ವಿಮಾನಗಳು ಬಹುಪಾಲು ಬಿಳಿಯಾಗಿರುವುದು ಇದಕ್ಕಾಗಿ. ಹೊಟ್ಟೆಗೆ ನೇರ ಬಿಸಿಲಿಲ್ಲವೆಂಬ ಅವರ ಮಾತು ಸರಿಯೇ, ಆದರೂ ಬಿಳಿಯ ಪರವಾಗಿ ನಾನು ಹೇಳಿದ್ದು ಬೇರೆ ಕಾರಣ: ಎಣ್ಣೆ ಎಲ್ಲಿಂದ ಜಿನುಗುತ್ತಿದೆ, ಹೊಸ ಬಿರುಕು ಎಲ್ಲಿ ಮೂಡಿದೆ ಎಂಬುದು ಬಿಳಿಯ ಮೇಲೆ ಕಾಣುತ್ತದೆ, ಕಡುನೀಲಿಯ ಮೇಲೆ ಅಡಗುತ್ತದೆ. ಹಾಗೆ ಬಿಳಿಯೇ ಗೆದ್ದಿತು. ನೀರು ಇಳಿದುಹೋಗಲು ಬಿಟ್ಟಿದ್ದ ಚಿಕ್ಕ ರಂಧ್ರವೊಂದು ಹೊಸ ತೇಪೆಯ ಕೆಳಗೆ ಮುಚ್ಚಿಹೋಗಿತ್ತು. ಅದನ್ನು ಸಣ್ಣ ಡ್ರಿಲ್ಲಿನಿಂದ ಮತ್ತೆ ತೆರೆದು, ಒಳಗೆ ಕಂಡ ಫೋಮಿನ ಅಂಚಿಗೆ ಮಾತ್ರ ಎಪಾಕ್ಸಿ ಸವರಿದೆವು. ತೇಪೆಯ ಅಳತೆ, ಪದರಗಳ ದಿಕ್ಕು, ರೆಸಿನ್ನಿನ ಡಬ್ಬಿಯ ಸಂಖ್ಯೆ, ಆ ದಿನದ ಶಾಖ ಮತ್ತು ತೇವಾಂಶಗಳನ್ನು ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಸಿದ್ದೇನೆ. ಮಳೆಗಾಲ ಕಳೆದ ಮೇಲೆ ಅದೇ ಗುರುತುಗಳ ಮೇಲೆ ನಾಣ್ಯದಿಂದ ಮತ್ತೊಮ್ಮೆ ತಟ್ಟಿ ನೋಡುವುದು ಬಾಕಿಯಿದೆ. ಬಾಗಿಲ ಬಳಿಯ ಜಂಬಿಟ್ಟಿಗೆ ಮೆಟ್ಟಿಲನ್ನು ಭಾವ ಒಡೆಸಿ, ಅಲ್ಲಿ ಇಳಿಜಾರು ಹಾಕಿಸಿದ್ದಾರೆ.